ಚಿಕ್ಕಮ್ಮ ಎಷ್ಟನೇವರೆಗೆ ಓದಿದ್ದಳು

ಮೊನ್ನೆ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ, ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ ತರುತ್ತಿದ್ದ ಹೆಂಗಸೊಬ್ಬಳು ನನ್ನ ಪಕ್ಕ ಕೂತಳು. ಅವಳ ಚೀಲದಿಂದ ಎಲೆಯ, ಹೊಗೆಸೊಪ್ಪಿನ ಘಾಟು ಬಂದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿಮ್ಮ ಮನೆಯಲ್ಲೂ ಬೀಡಿ ಕಟ್ಟುತ್ತಿದ್ದರೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ವಾಸನೆ ಹಾಸಿಗೆಗೂ ಹತ್ತುತ್ತಿತ್ತು, ಪಾಠಪುಸ್ತಕಕ್ಕೂ ಹತ್ತುತ್ತಿತ್ತು.

ಸಂಜೆಯಾದರೆ ನಮ್ಮ ಜಗಲಿಯಲ್ಲಿ ಅಮ್ಮ, ಚಿಕ್ಕಮ್ಮ, ನೆರೆಮನೆಯವರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿಗೆ ಕೂರುತ್ತಿದ್ದರು. ಶಾಲೆಗೆ ಹೋಗುವವಳು ನಾನೊಬ್ಬಳೇ. ಹಾಗಾಗಿ ಆ ದಿನದ ಪಾಠವನ್ನು ಎಲ್ಲರಿಗೂ ಕೇಳುವಂತೆ ಜೋರಾಗಿ ಓದುವುದು ನನ್ನ ಪಾಲಿನ ಕೆಲಸ. ಚಿಕ್ಕಮ್ಮನನ್ನು ಐದನೇ ಕ್ಲಾಸಿಗೇ ಶಾಲೆ ಬಿಡಿಸಿ ಬೀಡಿಗೆ ಕೂರಿಸಿದ್ದರು. ನಾನು ಓದಿದ್ದು ಅರ್ಥವಾಗದಿದ್ದರೆ ಎಲೆ ಕತ್ತರಿಸುವ ಅವಳ ಕತ್ತರಿ ಥಟ್ಟನೆ ನಿಲ್ಲುತ್ತಿತ್ತು. "ಅದೊಂದು ಇನ್ನೊಮ್ಮೆ ಓದು ಮಾರಾಯ್ತಿ" ಎನ್ನುತ್ತಿದ್ದಳು. ನನಗೆ ಆಟಕ್ಕೆ ಓಡುವ ಅವಸರ, ಅವಳಿಗೆ ಸಮುದ್ರದ ನೀರು ಮೋಡವಾಗುವುದು ಹೇಗೆಂದು ತಿಳಿಯಲೇಬೇಕು. ಸಿಡುಕುತ್ತಲೇ ಮತ್ತೆ ಓದುತ್ತಿದ್ದೆ. ಪರೀಕ್ಷೆ ಹತ್ತಿರ ಬಂದರೆ ನನಗಿಂತ ಹೆಚ್ಚು ಹೆದರುತ್ತಿದ್ದವಳು ಅವಳೇ. ಹತ್ತನೇ ಕ್ಲಾಸು ಪಾಸಾಗಿ ನಾನು ಮೂಡುಬಿದಿರೆಯ ಹಾಸ್ಟೆಲಿಗೆ ಹೊರಟ ದಿನ ಟ್ರಂಕನ್ನು ಬಸ್ಸಿಗೆ ಹತ್ತಿಸಿದವಳೂ ಅವಳೇ.

ಆಮೇಲೆ ಅರ್ಥಶಾಸ್ತ್ರ, ಸಂಶೋಧನೆ, ಊರೂರು ತಿರುಗಾಟ. ಜನ ಕಲಿತರೆ ನಾಡು ಎಷ್ಟು ಬೆಳೆಯುತ್ತದೆ ಎಂಬುದೇ ನನ್ನ ಬದುಕಿನ ಪ್ರಶ್ನೆಯಾಯಿತು. ಮನುಷ್ಯರ ಕಲಿಕೆಯೂ ಬಂಡವಾಳವೇ ಎನ್ನುತ್ತೇವೆ ನಾವು, ಅದನ್ನು ಶಾಲೆಯಲ್ಲಿ ಕಳೆದ ವರ್ಷಗಳಿಂದ ಅಳೆಯುತ್ತೇವೆ. ಒಂದು ಸಮೀಕ್ಷೆಗೆ ನಮ್ಮೂರನ್ನೂ ಆರಿಸಿದ್ದೆ. ನನ್ನ ವಿದ್ಯಾರ್ಥಿನಿ ಅದೇ ಜಗಲಿಯಲ್ಲಿ ಕೂತು, ಎಷ್ಟನೇವರೆಗೆ ಓದಿದ್ದೀರಿ ಎಂದು ಚಿಕ್ಕಮ್ಮನನ್ನು ಕೇಳಿದಳು.

"ಹತ್ತನೇವರೆಗೆ."

ಕತ್ತರಿ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ನಾನೇ ಬಾಯಿ ಹಾಕಿದೆ. "ಐದನೇ ಅಲ್ವಾ ಚಿಕ್ಕಮ್ಮ?"

"ಆಮೇಲಿನದ್ದು ನೀನು ಓದಿ ಹೇಳಿದ್ದಲ್ಲವಾ? ಪರೀಕ್ಷೆ ಬರೆಯಲಿಲ್ಲ, ಅಷ್ಟೆ. ಇನ್ನೂ ಕಲಿಯಬೇಕು ಅಂತ ಆಸೆ ಇತ್ತು. ನೀನು ಮೂಡುಬಿದಿರೆಗೆ ಹೋದೆ, ನನ್ನ ಶಾಲೆ ಅಲ್ಲಿಗೆ ಬಂದ್ ಆಯ್ತು."

ನಗುತ್ತಲೇ ಹೇಳಿದಳು. ವಿದ್ಯಾರ್ಥಿನಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು. ನಿಯಮದ ಪ್ರಕಾರ ಐದು ಎಂದು ಬರೆಯಬೇಕು. ಆ ಜಾಗ ಖಾಲಿ ಬಿಟ್ಟು ಮುಂದಿನ ಪ್ರಶ್ನೆ ಕೇಳು ಎಂದೆ.

ಈಗ ಚಿಕ್ಕಮ್ಮನಿಲ್ಲ. ಜಗಲಿ ಇದ್ದಲ್ಲಿ ಅಂಗಡಿಗಳ ಸಾಲು ಎದ್ದಿದೆ. ನಾಡಿನ ಬೆಳವಣಿಗೆಯ ಬಗ್ಗೆ ಏನಾದರೂ ಬರೆಯಲು ಕೂತರೆ ಅರ್ಧಕ್ಕೇ ಎದ್ದು ಕೋಣೆಯಲ್ಲಿ ಶತಪಥ ಹಾಕುತ್ತೇನೆ. ಅವಳ ಆ ವರ್ಷಗಳನ್ನು ಎಲ್ಲಿ ಸೇರಿಸಲಿ ಎಂದು ಇವತ್ತಿಗೂ ನನಗೆ ತಿಳಿದಿಲ್ಲ, ಅದು ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ. ಬರೆದದ್ದನ್ನು ಜೋರಾಗಿ ಓದಿ ನೋಡುವ ಅಭ್ಯಾಸ ಮಾತ್ರ ಉಳಿದಿದೆ. ಜೊತೆಯವರು ನಗುತ್ತಾರೆ, ನಗಲಿ. ಓದುತ್ತ ಓದುತ್ತ ಎಲ್ಲೋ ಒಂದು ಕಡೆ ತಡೆದು, ಕತ್ತರಿ ನಿಂತಿತೇನೋ ಎಂದು ಕಿವಿಗೊಡುತ್ತೇನೆ. ಆಮೇಲೆ ಅದೊಂದನ್ನು ಇನ್ನೊಮ್ಮೆ ಓದುತ್ತೇನೆ.