ತುಳು ಚೆಂದ ಕಲ್ತಿದ್ದೀರಿ

ಮಣಿಪಾಲದಲ್ಲಿ ಟೈಲ್ಸ್ ಕೆಲಸ ಮುಗಿಸಿ ಬರುವಾಗ ಕಾಪುವಿನಲ್ಲಿ ಮೀನಿಗೆ ನಿಂತೆ. ಅಷ್ಟರಲ್ಲಿ ಅವ್ವನ ಫೋನ್ ಬಂತು. “ಬರಾಕತ್ತೀನಿ ಯವ್ವಾ, ಮೀನ ತಗೊಂಡ ಬರ್ತೀನಿ” ಅಂದೆ. ಅದು ಮೀನು ಮಾರುವ ಅಕ್ಕನ ಕಿವಿಗೆ ಬಿತ್ತು.

“ಬಂಗುಡೆಗ್ ಏತ್ ಅಕ್ಕಾ?” ಅಂತ ತುಳುವಿನಲ್ಲಿ ದರ ಕೇಳಿದರೆ ಉತ್ತರ ಕನ್ನಡದಲ್ಲಿ ಬಂತು. “ತುಳು ಚೆಂದ ಕಲ್ತಿದ್ದೀರಿ. ನಿಮ್ಮ ಊರು ಯಾವುದು?”

“ಕಾಪುವೇ.”

“ಅದಲ್ಲ, ಮೂಲ ಊರು?”

ಅಪ್ಪ, ಅವ್ವ ಬಾಗಲಕೋಟೆಯಿಂದ ಬಂದವರು, ಸರಿ. ನಾನು ಹುಟ್ಟಿದ್ದು ಇಲ್ಲಿ. ತುಳುವಿನಲ್ಲೇ ಆಡಿ, ಜಗಳಾಡಿ ಬೆಳೆದವನಿಗೆ ಈ ಶಹಬ್ಬಾಸ್‌ಗಿರಿ ಯಾಕೆ? ತುಳು ಚೆಂದ ಉಂಟು ಅಂತ ಈ ಅಕ್ಕನನ್ನು ಯಾರಾದರೂ ಹೊಗಳುತ್ತಾರಾ? ನಾನು ತುಳು ಬಿಡಲಿಲ್ಲ, ಅವರು ಕನ್ನಡ ಬಿಡಲಿಲ್ಲ.

ಸಿಟ್ಟಿನಲ್ಲಿ ಒಂದು ಬಂಗುಡೆಯ ಕಿವಿರು ಎತ್ತಿ ನೋಡಿ, ಇದು ನಿನ್ನೆಯ ಮೀನು ಅಂತ ತುಳುವಿನಲ್ಲೇ ಹೇಳಿದೆ. ಅಕ್ಕನಿಗೆ ಎಲ್ಲಿತ್ತೋ ಕೋಪ. ನನ್ನ ಕಣ್ಣು, ಮೂಗು, ಬುದ್ಧಿ ಯಾವುದನ್ನೂ ಬಿಡದೆ ಬೈದರು. ಅಷ್ಟು ಬೈಗುಳದಲ್ಲಿ ಕನ್ನಡದ ಒಂದು ಶಬ್ದವೂ ಇರಲಿಲ್ಲ.

ಇನ್ನು ಮೇಲೆ ನಾನು ಮೀನು ತಗೊಳ್ಳುವುದು ಅವರಲ್ಲೇ. ಬಂಗುಡೆ ತಾಜಾವೇ ಇತ್ತು ಅನ್ನುವುದು ಬೇರೆ ಮಾತು.