ಜೋಳದ ಹಿಟ್ಟಿನ ಅಳತೆ

ಬಿಳಿಯ ದೊರೆಯೊಬ್ಬರಿಂದ ಕೊಂಡ, ಮೋಟಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ, ನಮ್ಮ ಕ್ಯಾರವಾನು ಕುರಕುಂಭದ ಬಳಿ ಮರದಡಿ ನಿಂತಿದೆ. ಅದನ್ನು ಮೋಟಾರಿಗೆ ಜೋಡಿಸುವ ಕಬ್ಬಿಣದ ಗುಂಡು ಮುರಿದು ಹಳ್ಳಕ್ಕೆ ಉರುಳಿಹೋಯಿತು. ಹೊಸದಕ್ಕಾಗಿ ನಾನು, ನನ್ನ ಗಂಡ, ಅತ್ತೆ ಮೂವರೂ ಸದಾಶಿವ ಪೇಠೆಯ ಈ ಅಂಗಡಿಗೆ ಬಂದಿದ್ದೇವೆ.

ಅಂಗಡಿಯವರು ಬೆಳಗಾವಿ ಕಡೆಯವರು. ನನ್ನ ಗಂಡನ ಮುಂದೆ ಮೂರು ಗುಂಡುಗಳನ್ನಿಟ್ಟರು. ಕಣ್ಣಿಗೆ ಮೂರೂ ಒಂದೇ.

"ಯಾವುದರೆ ಒಯ್ಯಿರಿ ಸಾಹೇಬ್ರ, ಹೊಂದತದ."

ಸಡಿಲವಾದದ್ದು ಸಿಕ್ಕರೆ ಲೋಣಾವಳಾ ಘಾಟಿನಲ್ಲಿ ಕ್ಯಾರವಾನು ಕಳಚಿಕೊಂಡು ಹೋಗುತ್ತದೆ. ಅದರೊಳಗೆ ಕೂರುವವರು ನಾನು ಮತ್ತು ಅತ್ತೆ. ನಾನು ಒದ್ದೆ ಬಟ್ಟೆ ಬಿಚ್ಚಿ ಜೋಳದ ಹಿಟ್ಟಿನ ಉಂಡೆಯನ್ನು ಮುಂದಿಟ್ಟೆ. ಬೆಳಿಗ್ಗೆ ಕ್ಯಾರವಾನಿನ ಕೊಂಡಿಯಲ್ಲಿ ಗುಂಡು ಕೂರುವ ಬಟ್ಟಲಿಗೆ ಒತ್ತಿ ತೆಗೆದದ್ದು. ಗೋಧಿ ಹಿಟ್ಟು ಜಗ್ಗುತ್ತದೆ, ಜೋಳದ್ದು ಒತ್ತಿದಂತೆಯೇ ನಿಲ್ಲುತ್ತದೆ.

ಅವರು ನಗುತ್ತಲೇ ಉಂಡೆಯ ಸುತ್ತ ತಂತಿಯನ್ನು ಬಳೆಯಂತೆ ಬಗ್ಗಿಸಿ, ಅದನ್ನು ಒಂದೊಂದೇ ಗುಂಡಿಗೆ ತೊಡಿಸಿದರು. ಎರಡಕ್ಕೆ ಸಡಿಲವಾಯಿತು. ಮೂರನೆಯದಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನಗು ನಿಂತಿತು.

"ಇದನ್ನ ಯಾರ ಕಲಿಸಿದರ್ರಿ, ಬಾಯಾರ?" ಎಂದು ನನ್ನನ್ನು ಕೇಳಿದರು.

ರೊಟ್ಟಿ ಹಿಟ್ಟು ಹಾಳು ಮಾಡಿದೆನೆಂದು ದಾರಿಯುದ್ದಕ್ಕೂ ಬೈಯುತ್ತ ಬಂದಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ನಮ್ಮ ಧಾರವಾಡದಾಗ ಅಳತಿ ಹಿಂಗ ತಗೋತೇವ್ರಿ."