ಅಳದಿದ್ದರೆ ಒಂದು ನಕ್ಷತ್ರ

ದೋಸೆಯ ಕಾವಲಿ ಕಾಯುವಷ್ಟರಲ್ಲಿ ಮಗಳ ತಲೆ ಬಾಚಿ ಮುಗಿಸುವುದು ನನ್ನ ಬೆಳಗಿನ ರೂಢಿ. ಆರು ವರ್ಷದ ನಿಧಿಯದು ಗುಂಗುರು ಕೂದಲು. ಸಿಕ್ಕು ಬಿಡಿಸುವಾಗ ಎಂಥವರಿಗೂ ಕಣ್ಣಲ್ಲಿ ನೀರು ಬರಬೇಕು. ಅವಳು ತುಟಿ ಬಿಗಿಹಿಡಿದು ಕೂರುತ್ತಾಳೆ. ಮುಗಿದದ್ದೇ ಗೋಡೆಯ ಕ್ಯಾಲೆಂಡರಿನ ಮುಂದೆ ಹಾಜರು. ಅಳದಿದ್ದ ದಿನ ಅದರ ಮೇಲೆ ಒಂದು ಬೆಳ್ಳಿ ನಕ್ಷತ್ರ ಅಂಟಿಸುತ್ತೇನೆ, ಆಮೇಲೆ ದಿನದಲ್ಲಿ ಯಾವಾಗ ಅತ್ತರೂ ಒಂದನ್ನು ಕೀಳುತ್ತೇನೆ. ಹತ್ತಾದರೆ ಮೂಡಿಗೆರೆಯ ಬೇಕರಿಯಲ್ಲಿ ಕೇಕು. ಇವತ್ತು ಬೆಳಿಗ್ಗೆ ಎಂಟನೆಯದು ಅಂಟಿತು.

ಹೊಡೆಯದೆ ಬೈಯದೆ ಮಗು ಬೆಳೆಸುತ್ತಿದ್ದೇನೆಂದು ನನಗೆ ಒಳಗೊಳಗೇ ಹೆಮ್ಮೆ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ. ಈ ಉಪಾಯ ನನ್ನದೇ ಎಂದು ಬೇರೆ ತಿಳಿದಿದ್ದೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಬಹಳ ಒಳ್ಳೆಯವರು; ಜ್ವರ ಬಂದರೆ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತಿದ್ದರು. ಆದರೆ ಭಾನುವಾರ ಅಪ್ಪ ಅಮ್ಮ ನೋಡಿಕೊಂಡು ಹೊರಟಾಗ ಗೇಟಿನ ಹತ್ತಿರ ಅಳಬಾರದು. ಅತ್ತವರು ಮುಂದಿನ ಭಾನುವಾರ ಎಲ್ಲರಿಗಿಂತ ಕೊನೆಗೆ ಅಪ್ಪ ಅಮ್ಮನ ಹತ್ತಿರ ಹೋಗಬೇಕು. ಅಳದವರಿಗೆ "ಬ್ರೇವ್ ಗರ್ಲ್" ಎಂದು ಕೆನ್ನೆ ತಟ್ಟಿ, ಜೇಬಿನಿಂದ ಒಂದು ಪೆಪ್ಪರ್‌ಮೆಂಟ್. ಮೊದಮೊದಲು ಅಳು ನುಂಗಿಕೊಂಡು ಅದನ್ನು ಚೀಪುತ್ತಿದ್ದೆ. ಬರಬರುತ್ತ ಅಪ್ಪನ ಜೀಪು ತಿರುವಿನಲ್ಲಿ ಮರೆಯಾಗುವ ಮೊದಲೇ ನನಗೆ ಬಾಯಲ್ಲಿ ನೀರೂರುತ್ತಿತ್ತು.

ಪಾಠ ಚೆನ್ನಾಗಿಯೇ ಕೂತಿತು. ಮದುವೆಯಲ್ಲಿ ಹೆಣ್ಣೊಪ್ಪಿಸುವಾಗ ಅಡುಗೆಯವರ ಕಣ್ಣೂ ಒದ್ದೆಯಾಗಿತ್ತಂತೆ. ನಾನು ಫೋಟೋಕ್ಕೆ ನಗುತ್ತಿದ್ದೆ. "ಇದೆಂಥ ಹುಡುಗಿ ಮಾರಾಯ್ತಿ, ಗೋಣಿಬೀಡಿನ ಬಸ್ಸು ಹತ್ತಿದ ಹಾಗೆ ಹೊರಟಿದೆ!" ಅಂದರು ಸೋದರತ್ತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಪ್ಪ ತೀರಿಕೊಂಡ ದಿನವೂ ಬಂದವರಿಗೆಲ್ಲ ಕಾಫಿ ಕೊಡುತ್ತಾ ಓಡಾಡಿದೆ. ಅಳು ಬಂದಾಗಲೆಲ್ಲ ನಾಲಿಗೆ ತಾನಾಗಿ ಅಂಗುಳಿಗೆ ಹೋಗಿ ಆ ತಂಪು ಸಿಹಿಯನ್ನು ಹುಡುಕುತ್ತಿತ್ತು. ಅಪ್ಪನ ಪಕ್ಕ ಒಂದು ಗಳಿಗೆ ಕೂತು ಅಳಲಾಗಲಿಲ್ಲ. ಅದು ಹಾಗೇ ಉಳಿದಿದೆ.

ಈಗ ಹಣ್ಣು ಕೊಯ್ಲಿನ ಕಾಲ. ಮನೆಯ ಹಿಂದೆಯೇ ನಮ್ಮ ಕಾಫಿ ತೋಟ. ಇವತ್ತು ಶಾಲೆಗೆ ರಜೆ. ನಿಧಿ ಕೊಯ್ಯುವ ಹೆಂಗಸರ ಹಿಂದೆ ಹೋಗಿದ್ದಳು. ಊಟಕ್ಕೆ ಬಂದವಳು ಎರಡು ತುತ್ತಿಗೆ ಸಾಕೆಂದಳು. ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು. ಬಿಸಿಲಿಗೆ ದಣಿದಿದ್ದಾಳೆ ಅಂದುಕೊಂಡೆ.

ಸಂಜೆ ಸ್ನಾನಕ್ಕೆ ಫ್ರಾಕು ಬಿಚ್ಚಿದರೆ ಬೆನ್ನೆಲ್ಲ ಕೆಂಪು ದದ್ದು. ಹೊಲಿಗೆಯ ಸಂದಿಯಲ್ಲಿ ಚಗಳಿ ಇರುವೆಗಳು ಸತ್ತು ಅಂಟಿಕೊಂಡಿದ್ದವು. ಒಂದು ಕಚ್ಚಿದರೆ ದೊಡ್ಡವರೇ ಕುಣಿದಾಡುವಂಥ ಇರುವೆ ಅದು.

"ಯಾವಾಗ ಕಚ್ಚಿದ್ದೇ ಇದು?"

"ಆಗ್ಲೇ. ಊಟಕ್ಕೆ ಮುಂಚೆ."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಳು ಬರ್ತಿತ್ತು. ಅತ್ರೆ ಎಂಟು ಹೋಗಿ ಏಳಾಗಲ್ವಾ ಅಮ್ಮ?"

ಬಚ್ಚಲ ಕಟ್ಟೆಯ ಮೇಲೆ ಕೂತೆ. ನಾಳೆ ಇದಕ್ಕಿಂತ ದೊಡ್ಡದೇನಾದರೂ ಕಚ್ಚಿದರೆ? ಆಗಲೂ ಇವಳು ನನ್ನ ಹತ್ತಿರ ಓಡಿ ಬರುವುದಿಲ್ಲ. ಬಾರದಂತೆ ಕಲಿಸಿದವಳು ನಾನೇ, ದಿನಾ ಬೆಳಿಗ್ಗೆ, ಮುದ್ದಿನಿಂದಲೇ.

"ಉರಿಯತ್ತಲ್ವಾ? ಅತ್ತುಬಿಡು ಪುಟ್ಟಿ."

ಅವಳು ನನ್ನ ಮುಖವನ್ನೇ ಅನುಮಾನದಿಂದ ನೋಡಿದಳು. "ಕೀಳಲ್ವಾ?"

"ಇನ್ನು ಯಾವತ್ತೂ ಕೀಳಲ್ಲ. ಅಂಟಿಸೋದೂ ಇಲ್ಲ."

"ಕೇಕು?"

"ಅದು ಸುಮ್ನೆ ತಿನ್ನೋದು."

ಪಾಪ, ಪ್ರಯತ್ನಪಟ್ಟಳು. ಗಲ್ಲ ನಡುಗಿತು, ಅಳು ಬರಲಿಲ್ಲ. ಅದು ಎಲ್ಲಿ ಸಿಕ್ಕಿಕೊಂಡಿದೆಯೆಂದು ನನಗಲ್ಲದೆ ಯಾರಿಗೆ ಗೊತ್ತು? ಕೊಬ್ಬರಿ ಎಣ್ಣೆಯ ಕೈಯಲ್ಲಿ ಅವಳ ಬೆನ್ನು ಸವರುತ್ತಿದ್ದ ಹಾಗೇ ನನ್ನ ಕಣ್ಣು ಮಂಜಾಯಿತು, ತಡೆಯಲಿಲ್ಲ. ನಿಧಿ ಬೆರಗಾಗಿ ನನ್ನ ಕೆನ್ನೆ ಮುಟ್ಟಿ ನೋಡಿ, ಆಮೇಲೆ ಬಾಯಿ ಇಷ್ಟಗಲ ತೆರೆದು ಹೋ ಎಂದು ಶುರುಮಾಡಿದಳು. ಮಧ್ಯಾಹ್ನದ್ದೂ ಅದರ ಹಿಂದಿನದೂ ಎಲ್ಲ ಸೇರಿಸಿ ಅತ್ತಳು. ಎಣ್ಣೆಯಲ್ಲೂ ಸಿಂಬಳದಲ್ಲೂ ನನ್ನ ಸೀರೆಯ ಸೆರಗು ತೊಪ್ಪೆಯಾಯಿತು.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಲಲಿತಕ್ಕ ನಮ್ಮ ಹಿತ್ತಲಿನ ಕರಿಬೇವು ಕೀಳಲು ಬಂದರು. ಎರಡು ಎಸಳು ಮುರಿದುಕೊಂಡು, ತಿರುಗಿ ಹೋಗುತ್ತಾ ಹೇಳಿದರು:

"ಅದೇನು ಮಾರಾಯ್ತಿ ಆ ಪಾಟಿ ಗಲಾಟೆ! ನಿಮ್ಮನೇಲಿ ಮಗು ಇದೆ ಅಂತ ಇವತ್ತು ಗೊತ್ತಾಯ್ತು ನೋಡು."